ಮಾಸ್ತರರ ಮೊಬೈಲಿಗೆ ಸುದ್ದಿ ಆರಿಸುವವರು ಯಾರು?

ಹುಬ್ಬಳ್ಳಿಯ ಕಮರಿಪೇಟೆಯಂಥ ಹಳೇ ಪೇಟೆಯ ಶಾಲೆಯಲ್ಲಿ ಪಾಠ ಮಾಡುವ ಅಕ್ಕೋರ ಫೋನಿಗೆ ಬೆಳಗಿನ ಚಹಾ ಮುಗಿಯುವುದರೊಳಗೆ ಹಲವು ದಾರಿಗಳಿಂದ ಸುದ್ದಿ ಬಂದು ಬಿದ್ದಿರುತ್ತದೆ. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಫೋಟೊ ಹೊಡೆದು ಹಾಕಿದ ಪತ್ರಿಕೆಯ ತುಣುಕು, ಡೇಲಿಹಂಟ್ ಅಥವಾ ವೇ2ನ್ಯೂಸ್‌ನ ನೋಟಿಫಿಕೇಶನ್, ಗೂಗಲ್ ತಾನಾಗಿಯೇ ತೆರೆದಿಟ್ಟ ಡಿಸ್ಕವರ್ ಪುಟ, ಯೂಟ್ಯೂಬಿನ ಒಂದು ಚರ್ಚೆ. ವರ್ಗಾವಣೆ, ವೇತನ ಆಯೋಗ, ಹಳೆಯ ಪಿಂಚಣಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊಸ ನಿಯಮ ಎಲ್ಲವೂ ಒಟ್ಟಿಗೇ ಬರುತ್ತವೆ. ಮಳೆಗಾಲವಾದರೆ 'ನಾಳೆ ಶಾಲೆಗಳಿಗೆ ರಜೆ' ಎಂಬ, ಸಹಿ-ಮುದ್ರೆಗಳಿರುವ ಆದರೆ ಕಳೆದ ವರ್ಷದ ಆದೇಶವೂ ಬರುತ್ತದೆ.

ಇಷ್ಟರಲ್ಲಿ ಯಾವುದನ್ನು ಓದಬೇಕು, ಅದನ್ನು ಓದಿಸಲು ಯಾವ ಆ್ಯಪ್ ಒಳ್ಳೆಯದು ಎಂಬ ಪ್ರಶ್ನೆ ಶಿಕ್ಷಕರ ಕೋಣೆಗಳಲ್ಲಿ ಆಗಾಗ ಏಳುತ್ತದೆ. ಫೋನ್ ಕೊಳ್ಳುವಾಗ ಕೇಳುವ ಪ್ರಶ್ನೆಯ ಹಾಗೆ ಕಂಡರೂ ಇದು ಅಷ್ಟು ಸಣ್ಣದಲ್ಲ. ಓದುಗನಿಗೆ ತಕ್ಕಂತೆ ಸುದ್ದಿಯನ್ನು ಆರಿಸಿಕೊಡುವುದು ಯಾರ ಕೆಲಸ ಎಂಬ ಮೂವತ್ತು ವರ್ಷಗಳ ವಾದ ಇದರ ಹಿಂದಿದೆ. ಶಿಕ್ಷಕರ ಮಟ್ಟಿಗೆ ಆ ವಾದಕ್ಕೆ ಇನ್ನೊಂದು ಭಾರವಿದೆ. ಅವರು ಓದಿದ್ದು ಅವರಲ್ಲಿಯೇ ಉಳಿಯುವುದಿಲ್ಲ, ಒಂದು ತರಗತಿಯ ಮಕ್ಕಳಿಗೆ ದಾಟುತ್ತದೆ.

ಯಂತ್ರಕ್ಕೆ ಮುಂಚಿನ ಆಯ್ಕೆಗಾರರು

ಶಿಕ್ಷಕರಿಗೆಂದೇ ಬರಹ ಆರಿಸಿಕೊಡುವ ಕೆಲಸ ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಲ್ಲ. ಮುಂಬೈ ಪ್ರಾಂತ್ಯದ ಕನ್ನಡ ಶಾಲೆಗಳ ಮಾಸ್ತರರಿಗಾಗಿ 1860ರ ದಶಕದಲ್ಲಿಯೇ 'ಮಠಪತ್ರಿಕೆ' ಹೊರಟಿತು. ಧಾರವಾಡದ 'ಜೀವನ ಶಿಕ್ಷಣ' ಮಾಸಪತ್ರಿಕೆ ತನ್ನ ಬೇರನ್ನು ಅಲ್ಲಿಗೇ ಒಯ್ಯುತ್ತದೆ. ಪತ್ರಿಕೆ ಎಂಬುದೇ ಅಪರೂಪವಾಗಿದ್ದ ಕಾಲದಲ್ಲಿ, ಹಳ್ಳಿಯ ಶಾಲೆಯ ಮಾಸ್ತರನಿಗೆ ಏನು ತಿಳಿದಿರಬೇಕು ಎಂದು ಯಾರೋ ಕುಳಿತು ಯೋಚಿಸಿ ಪುಟ ಕಟ್ಟಿದ್ದರು. ಒಂದು ವೃತ್ತಿಯ ಓದುಗರನ್ನು ಗುರುತಿಸಿ ಅವರಿಗಾಗಿಯೇ ಆರಿಸುವ ಈ ಕ್ರಮವೂ ಒಂದು ಬಗೆಯ ವೈಯಕ್ತೀಕರಣವೇ. ಆದರೆ ಆರಿಸಿದವರು ಯಾರು, ಯಾಕೆ ಆರಿಸಿದರು ಎಂಬುದು ಓದುಗನಿಗೆ ಗೊತ್ತಿತ್ತು.

ಮುಂದೆ 1921ರಲ್ಲಿ ಧಾರವಾಡದಿಂದ 'ಕರ್ಮವೀರ' ಬಂತು. 1929ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ 'ಸಂಯುಕ್ತ ಕರ್ನಾಟಕ' ಹುಬ್ಬಳ್ಳಿಗೆ ಬಂದು ನೆಲೆಯೂರಿತು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ದನಿ ತೆರೆಯಿತು. 1956ರಲ್ಲಿ ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟ್ 'ಕಸ್ತೂರಿ' ಮಾಸಪತ್ರಿಕೆಯನ್ನು ಶುರು ಮಾಡಿತು. ನಮ್ಮ ಈಗಿನ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಪೂರ್ವಜ ಎಂದರೆ ಈ 'ಕಸ್ತೂರಿ'. ಲೋಕದ ನಾನಾ ಮೂಲೆಗಳ ಬರಹಗಳಿಂದ ಸಾರ ಹಿಡಿದು, ಕನ್ನಡದ ಓದುಗನಿಗೆ ಒಗ್ಗುವಂತೆ ಬರೆಸಿ, ಒಂದೇ ಸಂಚಿಕೆಯಲ್ಲಿ ವಿಜ್ಞಾನ, ಇತಿಹಾಸ, ಆರೋಗ್ಯ, ಹಾಸ್ಯಗಳನ್ನು ಕೊಡುವ ಡೈಜೆಸ್ಟ್ ಅದು. ಅದನ್ನು ಬಹುಕಾಲ ಕಟ್ಟಿದ ಪಾ.ವೆಂ. ಆಚಾರ್ಯರು ಓದುಗನಿಗೆ ಇಷ್ಟವಾದದ್ದನ್ನೇ ಮತ್ತೆ ಮತ್ತೆ ಬಡಿಸಲಿಲ್ಲ, ಅವನು ಕೇಳದೇ ಇದ್ದದ್ದನ್ನೂ ಮುಂದಿಟ್ಟರು. ಆ ಕಾಲದ ಎಷ್ಟೋ ಪ್ರೌಢಶಾಲಾ ಶಿಕ್ಷಕರ ಸಾಮಾನ್ಯ ಜ್ಞಾನದ ಬುನಾದಿ ಅದೇ ಆಗಿತ್ತು ಎಂದು ನಾನು ನಂಬುತ್ತೇನೆ.

1999ರಲ್ಲಿ ಹುಬ್ಬಳ್ಳಿಯ ಉದ್ಯಮಿ ವಿಜಯ ಸಂಕೇಶ್ವರ ಅವರು ಆರಂಭಿಸಿದ 'ವಿಜಯ ಕರ್ನಾಟಕ'ದ ನಂತರ ಬೆಲೆ ಸಮರ, ಬಣ್ಣದ ಪುಟ, ಜಿಲ್ಲೆಗೊಂದು ಪುರವಣಿ ಎಲ್ಲವೂ ಬಂದವು. ಜಿಲ್ಲಾ ಪುಟ ಎಂಬುದೂ ಒಂದು ಬಗೆಯ ಆಯ್ಕೆಯೇ. ಧಾರವಾಡದವನಿಗೆ ಧಾರವಾಡದ ಸುದ್ದಿ, ಗದಗಿನವನಿಗೆ ಗದಗಿನದು. ಆದರೂ ಒಂದು ಊರಿನ ಓದುಗರೆಲ್ಲ ಓದುತ್ತಿದ್ದದ್ದು ಒಂದೇ ಪುಟವನ್ನು. ಮುಂದಿನ ಬದಲಾವಣೆ ಮುರಿದದ್ದು ಇದನ್ನೇ.

'ನನ್ನ ಪತ್ರಿಕೆ'ಯ ಕನಸು, ಕನ್ನಡದ ತಡ

ಪ್ರತಿಯೊಬ್ಬನಿಗೂ ಅವನದೇ ಆದ ದಿನಪತ್ರಿಕೆ ಬರುವ ಕಾಲವನ್ನು ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ 1995ರಲ್ಲಿ ಕಲ್ಪಿಸಿ ಬರೆದರು. 1999ರಲ್ಲಿ ಆರ್‌ಎಸ್‌ಎಸ್ ಫೀಡ್ ಎಂಬ ತಂತ್ರ ಬಂತು. ಜಾಲತಾಣವೊಂದರ ಹೊಸ ಬರಹಗಳ ಪಟ್ಟಿಯನ್ನು ಅದು ಓದುಗನ ಬಳಿಗೆ ತಾನಾಗಿಯೇ ತಲುಪಿಸುತ್ತದೆ. 2002ರಲ್ಲಿ ಗೂಗಲ್ ನ್ಯೂಸ್, 2005ರಲ್ಲಿ ಗೂಗಲ್ ರೀಡರ್ ಬಂದವು.

ಕನ್ನಡ ಈ ಸಾಲಿನಲ್ಲಿ ಹಿಂದೆ ಉಳಿದದ್ದಕ್ಕೆ ಕಾರಣ ಆಸಕ್ತಿಯ ಕೊರತೆಯಲ್ಲ, ಅಕ್ಷರದ ಸಂಕೇತ. ಪತ್ರಿಕಾಲಯಗಳು, ಡಿಟಿಪಿ ಅಂಗಡಿಗಳು, ಸರ್ಕಾರಿ ಕಚೇರಿಗಳೆಲ್ಲ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಅರ್ಥವಿಲ್ಲದ ಗೀಚು. ಯುನಿಕೋಡ್ ರೂಢಿಗೆ ಬಂದ ಮೇಲೆಯೇ ಕನ್ನಡ ಸುದ್ದಿಯನ್ನು ಯಂತ್ರ ಹುಡುಕಿ, ವಿಂಗಡಿಸಿ, ಶಿಫಾರಸು ಮಾಡುವುದು ಸಾಧ್ಯವಾಯಿತು. ಮಾಮೂಲಿ ಫೋನುಗಳಲ್ಲಿ ಭಾರತೀಯ ಭಾಷೆಗಳ ಪತ್ರಿಕೆ ತೋರಿಸಲು 2009ರಲ್ಲಿ ಶುರುವಾದ ನ್ಯೂಸ್‌ಹಂಟ್, 2015ರಲ್ಲಿ ಡೇಲಿಹಂಟ್ ಆಯಿತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಇದು ಪ್ರತಿ ಓಣಿಗೂ ಇಳಿಯಿತು.

ಇದೇ ಅವಧಿಯಲ್ಲಿ ಮುಚ್ಚಿಹೋದವುಗಳ ಪಟ್ಟಿಯೂ ಉದ್ದವಿದೆ. ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಿತು. ಇನ್‌ಸ್ಟಾಗ್ರಾಂ ಕಟ್ಟಿದವರೇ 2023ರಲ್ಲಿ ತಂದ ಆರ್ಟಿಫ್ಯಾಕ್ಟ್ ಎಂಬ ಸುದ್ದಿ ಆ್ಯಪ್ ವರ್ಷ ತುಂಬುವ ಹೊತ್ತಿಗೆ ಬಾಗಿಲು ಹಾಕುವುದಾಗಿ ಘೋಷಿಸಿತು. ಲೇಖನಗಳನ್ನು ಉಳಿಸಿಟ್ಟು ಓದಲು ಲಕ್ಷಾಂತರ ಜನ ನೆಚ್ಚಿದ್ದ ಪಾಕೆಟ್ ಅನ್ನು ಮೊಜಿಲ್ಲಾ 2025ರ ಜುಲೈಯಲ್ಲಿ ನಿಲ್ಲಿಸಿತು. ವರ್ಷಗಟ್ಟಲೆ ಪಾಠಕ್ಕೆಂದು ಕೂಡಿಟ್ಟ ಬರಹಗಳ ಪಟ್ಟಿ ಹೊರಗೆ ತೆಗೆಯಲು ಬಾರದ ಆ್ಯಪ್‌ನಲ್ಲಿದ್ದರೆ ಅದರ ಜೊತೆಗೇ ಹೋಗುತ್ತದೆ. ಆ್ಯಪ್‌ಗಳ ಹೋಲಿಕೆಗಳಲ್ಲಿ ಈ ಅಂಶಕ್ಕೆ ಸಿಗಬೇಕಾದ ತೂಕ ಸಿಗುತ್ತಿಲ್ಲ.

ಮೊದಲ ಪಕ್ಷ: ಯಂತ್ರವೇ ಆರಿಸಲಿ

ಯಾರು ಆರಿಸಬೇಕು ಎಂಬ ವಾದದಲ್ಲಿ ಈಗ ನಾಲ್ಕು ಪಕ್ಷಗಳಿವೆ. ಡೇಲಿಹಂಟ್, ಗೂಗಲ್ ನ್ಯೂಸ್, ಡಿಸ್ಕವರ್‌ಗಳು ನಿಂತಿರುವುದು ಯಂತ್ರವೇ ಆರಿಸಲಿ ಎಂಬ ನಂಬಿಕೆಯ ಮೇಲೆ. ನೀವು ಯಾವುದನ್ನು ತೆರೆದಿರಿ, ಎಷ್ಟು ಹೊತ್ತು ನಿಂತಿರಿ, ಎಲ್ಲಿದ್ದೀರಿ, ನಿಮ್ಮಂಥವರು ಏನು ಓದಿದರು ಎಂಬುದನ್ನು ಗಮನಿಸಿ ಯಂತ್ರ ಮುಂದಿನದನ್ನು ಊಹಿಸುತ್ತದೆ. ಈ ಪಕ್ಷದ ಬಲವಾದ ಮಾತು ಸಮಯದ್ದು. ಪಾಠ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಜಾಲತಾಣದಲ್ಲಿ ಮಕ್ಕಳ ದಾಖಲಾತಿ, ಚುನಾವಣೆ ಕೆಲಸ, ಗಣತಿ ಇವುಗಳ ನಡುವೆ ಹತ್ತು ಪತ್ರಿಕೆ ತಿರುವಿ ಹಾಕಲು ಯಾವ ಶಿಕ್ಷಕರಿಗೂ ಬಿಡುವಿಲ್ಲ.

ಇದನ್ನು ಎದುರಿಸಿದ ಪ್ರಸಿದ್ಧ ವಾದ ಎಲೈ ಪ್ಯಾರಿಸರ್ ಅವರದು. ಯಂತ್ರದ ಆಯ್ಕೆ ಓದುಗನನ್ನು ಅವನದೇ ಅಭಿಪ್ರಾಯಗಳ ಗುಳ್ಳೆಯೊಳಗೆ ಕೂರಿಸುತ್ತದೆ ಎಂದು 2011ರ ಪುಸ್ತಕದಲ್ಲಿ ಅವರು ಎಚ್ಚರಿಸಿದರು. ಆ ಮಾತು ಲೋಕಪ್ರಿಯವಾಯಿತು. ಆದರೆ ಅಳೆದು ನೋಡಿದವರಿಗೆ ಚಿತ್ರ ಅಷ್ಟು ಸರಳವಾಗಿ ಕಾಣಲಿಲ್ಲ. ರಿಚರ್ಡ್ ಫ್ಲೆಚರ್ ಮತ್ತು ರಾಸ್ಮಸ್ ನೀಲ್ಸನ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಸಾಮಾಜಿಕ ಜಾಲತಾಣ ಮತ್ತು ಸರ್ಚ್ ಬಳಸುವವರು ಬಳಸದವರಿಗಿಂತ ಹೆಚ್ಚು ಬಗೆಯ ಮೂಲಗಳನ್ನು ಎದುರುಗೊಳ್ಳುತ್ತಾರೆ ಎಂದು ಕಂಡುಬಂತು. ಹಾಗಾಗಿ 'ಯಂತ್ರ ಎಂದರೆ ಗುಳ್ಳೆ' ಎಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಆ ಅಧ್ಯಯನಗಳು ನಡೆದದ್ದು ಯುರೋಪು, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ.

ಕಮರಿಪೇಟೆಯಲ್ಲಿ ನಿಂತು ನೋಡಿದರೆ ಸಮಸ್ಯೆಯೇ ಬೇರೆ. ಇದು ಸಾವಜಿ ಖಾನಾವಳಿಗಳ, ನೇಕಾರಿಕೆಯ ನೆನಪಿನ, ಕನ್ನಡ-ಖತ್ರಿ-ಉರ್ದು-ಮರಾಠಿಗಳು ಒಂದೇ ಕಟ್ಟೆಯ ಮೇಲೆ ಕೇಳಿಸುವ ಸೀಮೆ. ಆದರೆ ಆನ್‌ಲೈನ್ ಸುದ್ದಿಯಲ್ಲಿ ಈ ಹೆಸರು ಬಹಳ ಸಲ ಬರುವುದು 'ಕಮರಿಪೇಟೆ ಪೊಲೀಸ್ ಠಾಣೆ ವ್ಯಾಪ್ತಿಯಲ್ಲಿ' ಎಂಬ ಒಕ್ಕಣೆಯ ಜೊತೆಗೆ. ಸ್ಥಳೀಯ ಸುದ್ದಿ ಬೇಕೆಂದು ಸ್ಥಳದ ಅನುಮತಿ ಕೊಟ್ಟರೆ ಯಂತ್ರದ ಬಳಿ ಕೊಡಲು ಇರುವುದು ಕಳವು, ಹೊಡೆದಾಟ, ಜೂಜು, ದಾಳಿ. ಇಲ್ಲಿಯ ಶಾಲೆಯ ಮಕ್ಕಳು ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ಗೆದ್ದದ್ದನ್ನು ಯಾರೂ ಯುನಿಕೋಡಿನಲ್ಲಿ ಬರೆದು ಜಾಲತಾಣಕ್ಕೆ ಹಾಕದಿದ್ದರೆ ಅದು ಯಂತ್ರದ ಲೋಕದಲ್ಲಿ ನಡೆದೇ ಇಲ್ಲ. ಶಿಫಾರಸು ಎಷ್ಟೇ ಚುರುಕಾಗಿರಲಿ, ಬರೆಯದೇ ಇದ್ದದ್ದನ್ನು ಅದು ಆರಿಸಲಾರದು. ಇಂಥ ಓಣಿಯ ಮಗುವಿಗೆ ತನ್ನ ಓಣಿಯ ಬಗ್ಗೆ ದಿನಾ ಸಿಗುವ ಚಿತ್ರ ಪೊಲೀಸ್ ಡೈರಿಯದಾದರೆ, ಅದು ಗುಳ್ಳೆಗಿಂತ ದೊಡ್ಡ ಅನ್ಯಾಯ.

ಇನ್ನೊಂದು ತೊಡಕು ಹಣದ್ದು. ಉಚಿತ ಆ್ಯಪ್ ಬದುಕುವುದು ಜಾಹೀರಾತಿನಿಂದ, ಜಾಹೀರಾತು ಬರುವುದು ತೆರೆದ ಪುಟಗಳ ಎಣಿಕೆಯಿಂದ. 'ಶಿಕ್ಷಕರಿಗೆ ಸಿಹಿಸುದ್ದಿ' ಎಂಬ ತಲೆಬರಹವನ್ನು ಆತಂಕದಿಂದ ಒಮ್ಮೆ ಒತ್ತಿದ ಶಿಕ್ಷಕಿಗೆ ಮರುದಿನ ಅಂಥವೇ ಹತ್ತು ಬರುತ್ತವೆ. ಆಕೆಯ ಆತಂಕವನ್ನು ಯಂತ್ರ ಆಸಕ್ತಿ ಎಂದು ಬರೆದುಕೊಂಡಿರುತ್ತದೆ.

ಎರಡನೆಯ ಪಕ್ಷ: ಮೂಲಗಳನ್ನು ನಾನೇ ಕಟ್ಟಿಕೊಳ್ಳುತ್ತೇನೆ

ಫೀಡ್ಲಿ, ಇನೊರೀಡರ್‌ನಂಥ ಫೀಡ್ ಓದುಗ ಆ್ಯಪ್‌ಗಳು ಈ ದಾರಿಯವು. ಯಾವ ಪತ್ರಿಕೆ, ಯಾವ ವಿಜ್ಞಾನ ತಾಣ, ಯಾವ ಬ್ಲಾಗ್ ಎಂಬುದನ್ನು ಓದುಗನೇ ಸೇರಿಸಬೇಕು. ಸೇರಿಸಿದ ಮೇಲೆ ಬರಹಗಳು ಬಂದ ಕ್ರಮದಲ್ಲಿ ಕಾಣುತ್ತವೆ, ಯಾರೂ ನಡುವೆ ನಿಂತು ಹಿಂದೆ-ಮುಂದೆ ಮಾಡುವುದಿಲ್ಲ. ಮೂಲಗಳ ಪಟ್ಟಿಯನ್ನು ಒಂದು ಕಡತವಾಗಿ ಹೊರತೆಗೆದು ಇನ್ನೊಂದು ಆ್ಯಪ್‌ಗೆ ಒಯ್ಯಬಹುದು. ಗೂಗಲ್ ರೀಡರ್ ಮುಚ್ಚಿದಾಗ ಅದರ ಓದುಗರು ಉಳಿದದ್ದು ಹೀಗೆಯೇ. ಶಿಕ್ಷಕರಿಗೆ ಇದರಲ್ಲಿ ಇನ್ನೊಂದು ಲಾಭವಿದೆ: ವಿಜ್ಞಾನ ಮಾಸ್ತರರು ಕಟ್ಟಿದ ಪಟ್ಟಿಯನ್ನು ಪಕ್ಕದ ಶಾಲೆಯ ವಿಜ್ಞಾನ ಮಾಸ್ತರರಿಗೆ ಹಾಗೆಯೇ ಕೊಡಬಹುದು.

ಕೊರತೆಗಳು ಕನ್ನಡದಲ್ಲಿ ಎದ್ದು ಕಾಣುತ್ತವೆ. ಇಂಗ್ಲಿಷಿನಲ್ಲಿ ಶಿಕ್ಷಣಕ್ಕೆಂದೇ ನೂರಾರು ಫೀಡುಗಳಿದ್ದರೆ ಕನ್ನಡದಲ್ಲಿ ಸಿಗುವವು ಸಾಮಾನ್ಯ ಸುದ್ದಿಯವು, ಅವೂ ಕೆಲವೇ. ಬಿಬಿಸಿಗೆ ಹಿಂದಿ, ಮರಾಠಿ, ತಮಿಳು, ತೆಲುಗು ಸುದ್ದಿ ಸೇವೆಗಳಿವೆ, ಕನ್ನಡಕ್ಕೆ ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ಜಿಲ್ಲಾ ಪುಟ. ಶಿಕ್ಷಕರಿಗೆ ನಿಜಕ್ಕೂ ಬೇಕಾದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸುದ್ದಿ, ಶಾಲೆಗಳ ಕಾರ್ಯಕ್ರಮ, ನಗರದ ನೀರು-ಬಸ್ಸಿನ ಸುದ್ದಿ ಇರುವುದು ಅಲ್ಲಿ. ಆ ಪುಟದ ಬಹುಭಾಗ ಇ-ಪೇಪರಿನಲ್ಲಿ ಚಿತ್ರವಾಗಿ ಮಾತ್ರ ಸಿಗುತ್ತದೆ. ಚಿತ್ರ ಫೀಡಿಗೆ ಬರುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ. ಶಿಕ್ಷಕರ ಗುಂಪುಗಳಲ್ಲಿ ಪತ್ರಿಕೆಯ ತುಣುಕಿನ ಫೋಟೊಗಳು ಹರಿದಾಡುವುದು ಇದರಿಂದಲೇ. ಆ ತುಣುಕುಗಳಲ್ಲಿ ದಿನಾಂಕ ಕತ್ತರಿಸಿ ಹೋಗಿರುತ್ತದೆ ಎಂಬುದು ಮುಂದಿನ ಎಷ್ಟೋ ಗೊಂದಲಗಳ ಮೂಲ.

ಮೂರನೆಯ ಪಕ್ಷ: ಸಂಪಾದಕ ಬೇಕು

ಪಾ.ವೆಂ. ಆಚಾರ್ಯರ ಪರಂಪರೆ ಇದು. ತಿಳಿದವರೊಬ್ಬರು ಆರಿಸಿ, ಅಳೆದು, ಓದುಗನ ಮಟ್ಟಕ್ಕೆ ತಂದು ಕೊಡಬೇಕು ಎನ್ನುವವರು ಈ ಕಡೆಯವರು. ಇದರ ಇಂದಿನ ರೂಪಗಳು ಪತ್ರಿಕೆಗಳ ವಿದ್ಯಾರ್ಥಿ ಪುರವಣಿಗಳು ಮತ್ತು ಅಮೆರಿಕದಲ್ಲಿ 2013ರಲ್ಲಿ ಶುರುವಾದ ನ್ಯೂಸೆಲಾದಂಥ ಸೇವೆಗಳು. ನ್ಯೂಸೆಲಾ ಒಂದೇ ಸುದ್ದಿಯನ್ನು ಹಲವು ಓದಿನ ಮಟ್ಟಗಳಲ್ಲಿ ಬರೆದು ಕೊಡುತ್ತದೆ. ಐದನೇ ತರಗತಿಯ ಮಗುವೂ ಒಂಬತ್ತನೇ ತರಗತಿಯ ಮಗುವೂ ಒಂದೇ ವಿಷಯದ ಮೇಲೆ ಮಾತಾಡಬಹುದು. ಕನ್ನಡ ಶಾಲೆಗಳಲ್ಲಿ ಇಂಥದ್ದು ಬಳಕೆಗೆ ಬಂದಿಲ್ಲ. ಮನೆಯಲ್ಲಿ ಖತ್ರಿ ಅಥವಾ ಉರ್ದು ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳಿರುವ ಕಮರಿಪೇಟೆಯಂಥ ಕಡೆ ಬೇಕಾದದ್ದು ಇದೇ.

ಈ ಪಕ್ಷದ ದೌರ್ಬಲ್ಯ ಖರ್ಚು. ಆಕಾಶವಾಣಿಯ 'ಕೇಳಿ ಕಲಿ'ಯಂಥ ಕಾರ್ಯಕ್ರಮಗಳು ನಡೆದದ್ದು ಸರ್ಕಾರದ ಹಣವಿದ್ದುದರಿಂದ. ಸುದ್ದಿಗೆ ಅಂಥ ಹಣ ಬಂದರೆ ಸಂಪಾದಕನ ಸ್ವಾತಂತ್ರ್ಯದ ಪ್ರಶ್ನೆ ಬರುತ್ತದೆ. ಸಂಪಾದಕನಿಗೂ ಒಲವುಗಳಿರುತ್ತವೆ, ನಿಜ. ಆದರೆ ಅವನ ಹೆಸರು ಪತ್ರಿಕೆಯ ಮೇಲಿರುತ್ತದೆ, ಅವನಿಗೆ ಪತ್ರ ಬರೆದು ಜಗಳವಾಡಬಹುದು.

ನಾಲ್ಕನೆಯ ಪಕ್ಷ: ಆ್ಯಪ್ ಬಿಡಿ, ಪರೀಕ್ಷಿಸುವುದನ್ನು ಕಲಿಯಿರಿ

ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಂಗಡಿಗರ 2016ರ ಅಧ್ಯಯನದಲ್ಲಿ, ಅಮೆರಿಕದ ಮಾಧ್ಯಮಿಕ ಶಾಲೆಗಳ ಶೇ 80ಕ್ಕಿಂತ ಹೆಚ್ಚು ಮಕ್ಕಳು ಜಾಹೀರಾತನ್ನು ಸುದ್ದಿ ಎಂದೇ ತಿಳಿದರು. ಇದೇ ತಂಡದ ಮುಂದಿನ ಅಧ್ಯಯನ ಶಿಕ್ಷಕರಿಗೆ ಇನ್ನೂ ಮುಖ್ಯ. ಪಿಎಚ್‌ಡಿ ಇರುವ ಇತಿಹಾಸಕಾರರು, ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳು ಮತ್ತು ವೃತ್ತಿಪರ ಸತ್ಯಶೋಧಕರು ಈ ಮೂರೂ ಗುಂಪುಗಳಿಗೆ ಒಂದೇ ತಾಣಗಳನ್ನು ಕೊಟ್ಟಾಗ, ಇತಿಹಾಸಕಾರರೂ ಚಂದದ ವಿನ್ಯಾಸಕ್ಕೆ ಮೋಸಹೋದರು. ಸತ್ಯಶೋಧಕರು ಆ ಪುಟದಲ್ಲಿ ನಿಲ್ಲದೆ ತಕ್ಷಣ ಹೊರಬಂದು, ಬೇರೆ ಕಿಟಕಿಗಳಲ್ಲಿ ಆ ಸಂಸ್ಥೆಯ ಬಗ್ಗೆ ಇತರರು ಏನು ಹೇಳುತ್ತಾರೆಂದು ನೋಡಿದರು. ಅಂದರೆ ಪದವಿ ಇದ್ದಮಾತ್ರಕ್ಕೆ ಈ ಕೌಶಲ ಬರುವುದಿಲ್ಲ, ಕಲಿತರೆ ಬರುತ್ತದೆ.

ನಮ್ಮ ನೆರೆಯ ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೇ' ಹೆಸರಿನಲ್ಲಿ ಸುಳ್ಳುಸುದ್ದಿ ಗುರುತಿಸುವ ಪಾಠ ನಡೆಯಿತು. ಕರ್ನಾಟಕಕ್ಕೆ ಇದರ ಅಗತ್ಯ ಎಷ್ಟಿತ್ತು ಎಂಬುದಕ್ಕೆ ಅದೇ ವರ್ಷದ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯಿಂದ ಹೈದರಾಬಾದಿನ ಯುವಕನೊಬ್ಬ ಗುಂಪಿನ ಕೈಯಲ್ಲಿ ಸತ್ತದ್ದು ಸಾಕ್ಷಿ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ಪೊಲೀಸ್ ಠಾಣೆಯ ಮೇಲೆ ಕಲ್ಲು ಬೀಳುವ ಮಟ್ಟಿಗೆ ಊರು ಕದಡಿದ್ದರ ಆರಂಭದಲ್ಲಿ ಇದ್ದದ್ದೂ ಒಂದು ಮೊಬೈಲ್ ಸ್ಟೇಟಸ್‌ನ ತಿದ್ದಿದ ಚಿತ್ರವೇ. ಶಾಲೆ ಮತ್ತೆ ತೆರೆದಾಗ ಮಾಸ್ತರರ ಮುಂದೆ ಕುಳಿತ ಮಕ್ಕಳು ಗಲಾಟೆಯ ಎರಡೂ ಕಡೆಯ ಮನೆಗಳವರು. ಅಂಥ ದಿನ ಶಿಕ್ಷಕರ ಬಳಿ ಇರಬೇಕಾದದ್ದು ಬೇಗನೆ ಬಂದ ಸುದ್ದಿಯಲ್ಲ, ನೆಚ್ಚಬಹುದಾದ ಸುದ್ದಿ.

ಆದರೂ ಈ ಪಕ್ಷ ಒಂದನ್ನು ಮರೆಯುತ್ತದೆ. ದಿನಕ್ಕೆ ನೂರು ಬರಹ ಬಂದರೆ ನೂರನ್ನೂ ಪರೀಕ್ಷಿಸಲಾಗದು. ಪರೀಕ್ಷೆಗೆ ಮುಂಚೆ ಆಯ್ಕೆ ಬೇಕೇ ಬೇಕು.

ತನಗೆ ಒಂದು, ತರಗತಿಗೆ ಇನ್ನೊಂದು

ಈ ನಾಲ್ಕೂ ಪಕ್ಷಗಳು ಜಗಳವಾಡುವುದು ಬಹುಪಾಲು ಎರಡು ಬೇರೆ ಪ್ರಶ್ನೆಗಳನ್ನು ಒಂದೆಂದು ತಿಳಿದುಕೊಂಡು. ಶಿಕ್ಷಕಿ ತನ್ನ ತಿಳಿವಳಿಕೆಗೆ ಓದುವುದು ಒಂದು, ತರಗತಿಯಲ್ಲಿ ಓದಿಸುವುದು ಇನ್ನೊಂದು. ಮೊದಲನೆಯದರಲ್ಲಿ ವೈಯಕ್ತಿಕ ಆಯ್ಕೆ ಒಳ್ಳೆಯದೇ. ಎರಡನೆಯದರಲ್ಲಿ ಅದು ಕೆಡುಕು. ತರಗತಿ ನಡೆಯುವುದೇ ಎಲ್ಲರೂ ಒಂದೇ ಪುಟ ತೆರೆದಿರುವುದರಿಂದ. ಪ್ರತಿ ಮಗುವಿಗೂ ಬೇರೆ ಸುದ್ದಿ ಕೊಟ್ಟರೆ ಅಲ್ಲಿ ಚರ್ಚೆಯೇ ಹುಟ್ಟುವುದಿಲ್ಲ. ಪ್ರಾರ್ಥನೆಯ ಹೊತ್ತಿಗೆ ದಿನದ ಸುದ್ದಿ ಓದುವ ಪದ್ಧತಿ ಇರುವ ಶಾಲೆಗಳಲ್ಲಿ, ಶಿಕ್ಷಕರ ಫೋನಿನ ಫೀಡಿನಿಂದ ಸುದ್ದಿ ಬರೆಸಿದರೆ ಯಂತ್ರ ಒಬ್ಬರಿಗಾಗಿ ಮಾಡಿದ ಊಹೆ ಇಡೀ ಶಾಲೆಯ ಪ್ರಪಂಚವಾಗುತ್ತದೆ. ಅದಕ್ಕೆ ಮುದ್ರಿತ ಪತ್ರಿಕೆಯೇ ಸರಿ, ಒಂದರ ಬದಲು ಎರಡಿದ್ದರೆ ಇನ್ನೂ ಒಳ್ಳೆಯದು.

ಕಾನೂನೂ ಈ ಗೆರೆಯನ್ನು ಎಳೆದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು. ಅವರ ಚಲನವಲನ, ನಡವಳಿಕೆಗಳನ್ನು ಹಿಂಬಾಲಿಸುವುದಕ್ಕೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೂ ಅದು ತಡೆ ಹಾಕುತ್ತದೆ, ದತ್ತಾಂಶ ಬಳಸಲು ಪಾಲಕರ ಒಪ್ಪಿಗೆ ಕೇಳುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರಬೇಕಿವೆ. ಓದುಗನನ್ನು ಹಿಂಬಾಲಿಸಿಯೇ ಬದುಕುವ ಸುದ್ದಿ ಆ್ಯಪ್ ಅನ್ನು ಮಕ್ಕಳಿಗೆ ಹಾಕಿಸುವುದು ಇನ್ನು ಮುಂದೆ ಬರೀ ಅಭಿರುಚಿಯ ವಿಷಯವಲ್ಲ.

ಹಾಗಾದರೆ ಶಿಕ್ಷಕರ ಸ್ವಂತ ಓದಿಗೆ ಯಾವುದು? ನನ್ನ ಅಭಿಪ್ರಾಯದಲ್ಲಿ ಫೀಡ್ ಓದುಗ ಆ್ಯಪ್ ಒಂದು, ಅದರಲ್ಲಿ ತಮ್ಮ ವಿಷಯದ ಮೂಲಗಳು, ನಿಲುವಿನಲ್ಲಿ ಪರಸ್ಪರ ಒಪ್ಪದ ಎರಡು ಕನ್ನಡ ಪತ್ರಿಕೆಗಳು, ಒಂದು ಸತ್ಯಶೋಧನಾ ತಾಣ. ಊರಿನ ಸುದ್ದಿಗೆ ಜಿಲ್ಲಾ ಪುಟವಿರುವ ಪತ್ರಿಕೆ. ಆದೇಶ, ರಜೆ, ವರ್ಗಾವಣೆಗಳಿಗೆ ಯಾವ ಸುದ್ದಿ ಆ್ಯಪ್ ಕೂಡ ಬೇಡ, ಇಲಾಖೆಯ ಮತ್ತು ಜಿಲ್ಲಾಧಿಕಾರಿಗಳ ಅಧಿಕೃತ ಪ್ರಕಟಣೆ ಸಾಕು. ಡೇಲಿಹಂಟ್‌ನಂಥವು ಫೋನಿನಲ್ಲಿ ಇರಲಿ, ಆದರೆ ನೋಟಿಫಿಕೇಶನ್ ಮುಚ್ಚಿರಲಿ. ಪಟ್ಟಿಯನ್ನು ಹೊರತೆಗೆಯಲು ಬಿಡದ ಆ್ಯಪ್ ಎಷ್ಟೇ ಚಂದವಿದ್ದರೂ ಬೇಡ.

ಇನ್ನೂ ಇತ್ಯರ್ಥವಾಗದ್ದು

ಕನ್ನಡದ ಓದುಗರನ್ನು ಯಂತ್ರದ ಆಯ್ಕೆ ಸಂಕುಚಿತಗೊಳಿಸುತ್ತಿದೆಯೇ, ವಿಸ್ತರಿಸುತ್ತಿದೆಯೇ ಎಂಬುದು ತೀರ್ಮಾನವಾಗಿಲ್ಲ. ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಎಂಬ ಅಧ್ಯಯನ ಸಂಸ್ಥೆಯ ವಾರ್ಷಿಕ ಸುದ್ದಿ ವರದಿಯಲ್ಲಿ 2021ರಿಂದ ಭಾರತವಿದೆ, ಆದರೆ ಅದು ಕೇಳುವುದು ಮುಖ್ಯವಾಗಿ ಇಂಗ್ಲಿಷ್ ಬಲ್ಲ ಆನ್‌ಲೈನ್ ಓದುಗರನ್ನು. ಎರಡು ಮೂರು ಭಾಷೆಗಳಲ್ಲಿ ಸುದ್ದಿ ನೋಡುವ ಹುಬ್ಬಳ್ಳಿಯ ಮನೆಯ ಲೆಕ್ಕ ಅದರಲ್ಲಿ ಸಿಗದು.

ಕೃತಕ ಬುದ್ಧಿಮತ್ತೆಯ ಸಾರಾಂಶಗಳನ್ನು ನೆಚ್ಚಬಹುದೇ ಎಂಬುದೂ ತೆರೆದ ಪ್ರಶ್ನೆ. ಬಿಬಿಸಿ ಮತ್ತು ಯುರೋಪಿನ ಪ್ರಸಾರ ಒಕ್ಕೂಟ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ, 18 ದೇಶಗಳ 14 ಭಾಷೆಗಳ ಪರಿಶೀಲನೆಯಲ್ಲಿ ಸುದ್ದಿಯ ಬಗೆಗಿನ ಶೇ 45ರಷ್ಟು ಉತ್ತರಗಳಲ್ಲಿ ಕನಿಷ್ಠ ಒಂದು ಗಂಭೀರ ದೋಷವಿತ್ತು. ಆ 14ರಲ್ಲಿ ಕನ್ನಡ ಇರಲಿಲ್ಲ. ಓದಲು ಪಠ್ಯವೇ ಕಡಿಮೆ ಇರುವ ಭಾಷೆಯಲ್ಲಿ ಯಂತ್ರ ಎಷ್ಟು ತಪ್ಪುತ್ತದೆ ಎಂಬುದನ್ನು ನಮ್ಮವರೇ ಅಳೆಯಬೇಕು. ಧಾರವಾಡದಲ್ಲಿ ವಿಶ್ವವಿದ್ಯಾಲಯವೂ ಇದೆ, ಐಐಟಿಯೂ ಇದೆ.

ಸ್ಥಳೀಯ ಸುದ್ದಿಯನ್ನು ಬರೆಯುವವರ ಸಂಬಳ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಎಲ್ಲಿಯೂ ಒಪ್ಪಿತ ಉತ್ತರ ಸಿಕ್ಕಿಲ್ಲ. ಆದರೆ ಒಂದು ಕೆಲಸ ಅದಕ್ಕೆ ಕಾಯಬೇಕಿಲ್ಲ. ಹುಬ್ಬಳ್ಳಿ-ಧಾರವಾಡದ ಪತ್ರಿಕೆಗಳು ತಮ್ಮ ಜಿಲ್ಲಾ ಪುಟದ ಶಾಲೆ-ಶಿಕ್ಷಣದ ಸುದ್ದಿಯನ್ನಾದರೂ ದಿನಾಂಕ ಸಮೇತ ಯುನಿಕೋಡ್ ಪಠ್ಯವಾಗಿ, ಫೀಡಿನ ಜೊತೆ ಪ್ರಕಟಿಸಲಿ. ಶಿಕ್ಷಕರ ಸಂಘಗಳು ಸಂಪಾದಕರಿಗೆ ಇದನ್ನು ಬರೆದು ಕೇಳಲಿ.